ವಾರ್ಡಿನ ಗಡಿ ಬರೆಯುವ ಕೈ ಯಾರದಿರಬೇಕು?

ಅರಳಗುಪ್ಪೆಯಲ್ಲಾಗಲಿ, ತಿಪಟೂರು ತಾಲ್ಲೂಕಿನ ಬೇರೆ ಯಾವ ಹಳ್ಳಿಯಲ್ಲಾಗಲಿ, 2016ರ ಫೆಬ್ರವರಿಯ ಚುನಾವಣೆಯ ಬಳಿಕ 18 ತುಂಬಿದವರು 2025 ಮುಗಿಯುವವರೆಗೂ ಜಿಲ್ಲಾ ಪಂಚಾಯಿತಿಗೆ, ತಾಲ್ಲೂಕು ಪಂಚಾಯಿತಿಗೆ ಒಂದು ಸಲವೂ ಮತ ಹಾಕಲಿಲ್ಲ. ಅಂದು ಗೆದ್ದವರ ಅವಧಿ 2021ರಲ್ಲೇ ಮುಗಿಯಿತು. ಕಪ್ಪುತಲೆ ಹುಳು, ಬಿಳಿನೊಣ ಬಿದ್ದು ತೆಂಗಿನ ಗರಿ ಒಣಗುವಾಗ ತೋಟಗಾರಿಕೆ ಅಧಿಕಾರಿಯನ್ನು ಸಭೆಯಲ್ಲಿ ನಿಲ್ಲಿಸಿ ಕೇಳಬೇಕಾದ ಸದಸ್ಯರ ಕುರ್ಚಿಗಳು ಖಾಲಿ ಉಳಿದವು. ಕೊರೊನಾ ಒಂದು ಕಾರಣವಾಗಿತ್ತು, ನಿಜ. ಆದರೆ ಕೊರೊನಾ ಹೋದ ಮೇಲೂ ಚುನಾವಣೆ ಬರಲಿಲ್ಲ, ಬಂದದ್ದು ಕ್ಷೇತ್ರ ಪುನರ್‌ವಿಂಗಡಣೆ. ನಗರಸಭೆ, ಪುರಸಭೆಗಳ ವಾರ್ಡು ಬದಲಿಸುವ ಮಾತು ಬಂದಾಗೆಲ್ಲ ಹಳ್ಳಿಗಳ ಈ ಅನುಭವವನ್ನು ಮುಂದಿಟ್ಟುಕೊಂಡು ಯೋಚಿಸಬೇಕು. ಗಡಿ ಬದಲಾಗಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಗಡಿ ಬರೆಯುವ ಅಧಿಕಾರ ಆಳುವ ಪಕ್ಷದ ಕೈಯಲ್ಲಿ ಇರುವವರೆಗೆ ಪುನರ್‌ವಿಂಗಡಣೆಯೆಂಬುದು ಚುನಾವಣೆ ಮುಂದೂಡುವ ದಾರಿಯಾಗಿಯೇ ಉಳಿಯುತ್ತದೆ. ಅದನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಪೂರ್ತಿ ಬಿಟ್ಟುಕೊಡಬೇಕು.

2021ರಲ್ಲಿ ನಡೆದದ್ದನ್ನೇ ನೋಡಿ. ರಾಜ್ಯ ಚುನಾವಣಾ ಆಯೋಗ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಕ್ಷೇತ್ರಗಳ ಗಡಿ ಗುರುತಿಸಿ, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಉಳಿದದ್ದು ದಿನಾಂಕ ಗೊತ್ತು ಮಾಡುವ ಕೆಲಸ. ಆ ಹೊತ್ತಿಗೆ ಸರ್ಕಾರ ಕಾಯ್ದೆ ತಿದ್ದಿ, ಆಯೋಗದ ಕೈಯಿಂದ ಆ ಅಧಿಕಾರವನ್ನು ತೆಗೆದು, ಪ್ರತ್ಯೇಕ ಸೀಮಾ ನಿರ್ಣಯ ಆಯೋಗವನ್ನು ರಚಿಸಿತು. ಮುಗಿದಿದ್ದ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು. ವಿಳಂಬಕ್ಕಾಗಿ 2022ರ ಡಿಸೆಂಬರಿನಲ್ಲಿ ಹೈಕೋರ್ಟು ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಆಗ ಇದ್ದದ್ದು ಬಿಜೆಪಿ ಸರ್ಕಾರ. 2023ರಲ್ಲಿ ಕಾಂಗ್ರೆಸ್ ಬಂದಿತು, ಚುನಾವಣೆ ಮಾತ್ರ ಬರಲಿಲ್ಲ. ಬೆಂಗಳೂರಿನ ಕಥೆಯೂ ಇದೇ. ಪಾಲಿಕೆಗೆ ಜನ ಮತ ಹಾಕಿದ್ದು 2015ರ ಆಗಸ್ಟಿನಲ್ಲಿ, ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ 198 ವಾರ್ಡುಗಳು 243 ಆದವು, ಸರ್ಕಾರ ಬದಲಾದಾಗ 225ಕ್ಕೆ ಇಳಿದವು, ಪಾಲಿಕೆಯನ್ನು ಐದಾಗಿ ಒಡೆದಾಗ 369ಕ್ಕೆ ಏರಿದವು. ಐದು ವರ್ಷದಲ್ಲಿ ಗಡಿ ಮೂರು ಸಲ ಬದಲಾಯಿತು, ಮತದಾನ ಒಂದು ಸಲವೂ ಆಗಲಿಲ್ಲ. 198 ವಾರ್ಡುಗಳು 2001ರ ಗಣತಿಯ ಮೇಲೆ ನಿಂತಿದ್ದವು, ಹಾಗಾಗಿ ಮೊದಲ ಬದಲಾವಣೆಗೆ ನ್ಯಾಯವಾದ ಕಾರಣವಿತ್ತು. 243ನ್ನು 225 ಮಾಡಿದಾಗ ಲೆಕ್ಕ ಅದೇ 2011ರ ಗಣತಿಯದು. ಜನಸಂಖ್ಯೆಯ ಬಗ್ಗೆ ಹೊಸದಾಗಿ ತಿಳಿದದ್ದು ಏನೂ ಇರಲಿಲ್ಲ, ವಿಧಾನಸೌಧದಲ್ಲಿ ಪಕ್ಷ ಮಾತ್ರ ಬದಲಾಗಿತ್ತು.

ಸಣ್ಣ ಊರುಗಳಲ್ಲಿ ಈ ಗಡಿಯ ಮಹತ್ವ ಇನ್ನೂ ಹೆಚ್ಚು. ತಿಪಟೂರು ನಗರಸಭೆಗೆ 31 ವಾರ್ಡುಗಳು. 2011ರಲ್ಲಿ ಊರಿನ ಜನಸಂಖ್ಯೆ ಸುಮಾರು 60 ಸಾವಿರ. ಅಂದರೆ ಒಂದು ವಾರ್ಡಿಗೆ ಸರಾಸರಿ ಎರಡು ಸಾವಿರಕ್ಕೂ ಕಡಿಮೆ ಜನ, ಅದರಲ್ಲಿ ಮತಗಟ್ಟೆಗೆ ಬರುವವರು ಇನ್ನೂ ಕಡಿಮೆ. ತುರುವೇಕೆರೆಯಂಥ ಪಟ್ಟಣ ಪಂಚಾಯಿತಿಯಲ್ಲಿ, ಚಿಕ್ಕನಾಯಕನಹಳ್ಳಿಯಂಥ ಪುರಸಭೆಯಲ್ಲಿ ವಾರ್ಡು ಇದಕ್ಕಿಂತ ಚಿಕ್ಕದು. ಇಷ್ಟು ಕಡಿಮೆ ಮತದಾರರಿರುವ ಕಡೆ ಎರಡು ಅಡ್ಡರಸ್ತೆಗಳನ್ನು ಈ ವಾರ್ಡಿನಿಂದ ತೆಗೆದು ಆ ವಾರ್ಡಿಗೆ ಸೇರಿಸಿದರೆ ಫಲಿತಾಂಶವೇ ತಿರುಗಬಹುದು. ವಾರ್ಡು ವಿಂಗಡಣೆಯ ಅಧಿಸೂಚನೆಯಲ್ಲಿ ಇರುವುದು ಬರೀ ಚಕ್ಕುಬಂದಿ: ಪೂರ್ವಕ್ಕೆ ಇಂಥ ರಸ್ತೆ, ಪಶ್ಚಿಮಕ್ಕೆ ರೈಲು ಹಳಿ, ಉತ್ತರಕ್ಕೆ ಇಂಥ ಮನೆಯಿಂದ ಚರಂಡಿಯವರೆಗೆ. ಓದಿದರೆ ಸಪ್ಪೆ. ಆದರೆ ಯಾವ ಕೇರಿ ಒಂದಾಗಿ ಉಳಿಯುತ್ತದೆ, ಯಾವುದು ಎರಡು ವಾರ್ಡುಗಳಿಗೆ ಹಂಚಿಹೋಗಿ ಎರಡರಲ್ಲೂ ಲೆಕ್ಕಕ್ಕಿಲ್ಲದಾಗುತ್ತದೆ ಎಂಬುದು ಈ ನಾಲ್ಕು ಸಾಲುಗಳಲ್ಲೇ ತೀರ್ಮಾನವಾಗುತ್ತದೆ. ಅಣ್ಣತಮ್ಮಂದಿರು ತೆಂಗಿನ ತೋಟ ಭಾಗ ಮಾಡಿಕೊಳ್ಳುವಾಗ ಸರ್ವೆಯವರನ್ನು ಕರೆಸುತ್ತಾರೆ, ಭಾಗ ತೆಗೆದುಕೊಳ್ಳುವವನ ಕೈಗೇ ಅಳತೆಯ ಸರಪಳಿ ಕೊಡುವುದಿಲ್ಲ. ನಗರಸಭೆಗಳ ವಿಷಯದಲ್ಲಿ ಮಾತ್ರ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ವಾರ್ಡಿನ ಗಡಿ ಗೊತ್ತು ಮಾಡುವ ಅಧಿಕಾರವನ್ನು ಸರ್ಕಾರಕ್ಕೇ ಕೊಟ್ಟಿದೆ. ಜಿಲ್ಲಾಧಿಕಾರಿ ಕರಡು ತಯಾರಿಸಬಹುದು, ಕೊನೆಯ ಸಹಿ ಬೀಳುವುದು ಚುನಾವಣೆಗೆ ನಿಲ್ಲುವ ಪಕ್ಷವೊಂದು ನಡೆಸುವ ಸರ್ಕಾರದಲ್ಲಿ. ಸಂವಿಧಾನದ 243 ಝಡ್‌ಜಿ ವಿಧಿಯ ಪ್ರಕಾರ ಹೀಗೆ ಅಂತಿಮವಾದ ವಿಂಗಡಣೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವ ದಾರಿಯೂ ಬಹುಮಟ್ಟಿಗೆ ಮುಚ್ಚಿದೆ. ಹಾಗಾಗಿ ಆ ಕೊನೆಯ ಸಹಿ ಯಾರದೆಂಬುದೇ ಮುಖ್ಯವಾಗುತ್ತದೆ.

ಸ್ವತಂತ್ರ ಸಂಸ್ಥೆ ಗಡಿ ಬರೆದರೆ ಎಲ್ಲರಿಗೂ ಸಮಾಧಾನವಾಗುತ್ತದೆಂದಲ್ಲ. ತುಮಕೂರು ಜಿಲ್ಲೆಗೆ ಇದು ಚೆನ್ನಾಗಿ ಗೊತ್ತು. 2008ರ ವಿಧಾನಸಭಾ ಪುನರ್‌ವಿಂಗಡಣೆಯಲ್ಲಿ ಬೆಳ್ಳಾವಿ, ಕಳ್ಳಂಬೆಳ್ಳ, ಹುಲಿಯೂರುದುರ್ಗ ಕ್ಷೇತ್ರಗಳು ಹೋದವು, ತುಮಕೂರು ಗ್ರಾಮಾಂತರ ಹೊಸದಾಗಿ ಬಂತು, 13 ಕ್ಷೇತ್ರಗಳಿದ್ದ ಜಿಲ್ಲೆಗೆ 11 ಉಳಿದವು. ಆ ನಷ್ಟ ಸಣ್ಣದಲ್ಲ. ಆದರೂ ಜಿಲ್ಲೆ ಅದನ್ನು ಒಪ್ಪಿಕೊಂಡಿತು. ಗಡಿ ಬರೆದದ್ದು ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ, ಯಾವ ಪಕ್ಷದ ಸಚಿವಾಲಯವೂ ಅಲ್ಲ. ಹೊಸ ಕ್ಷೇತ್ರಗಳ ಮೇಲೆಯೇ ಆ ವರ್ಷದ ಮೇ ತಿಂಗಳಲ್ಲಿ ಚುನಾವಣೆಯೂ ನಡೆಯಿತು. ಸ್ಥಳೀಯ ಸಂಸ್ಥೆಗಳ ಮಟ್ಟಿಗೆ ನೆರೆಯ ಕೇರಳದ ಉದಾಹರಣೆ ಇದೆ. ಅಲ್ಲಿ ವಾರ್ಡು ವಿಂಗಡಣೆಯ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರು. ಈಚಿನ ವಿಂಗಡಣೆಯ ಬಗ್ಗೆ ವಿರೋಧ ಪಕ್ಷಗಳು ತಕರಾರು ತೆಗೆದವು, ಕೋರ್ಟಿಗೂ ಹೋದವು. ಆದರೂ 2025ರ ಡಿಸೆಂಬರಿನಲ್ಲಿ ಚುನಾವಣೆ ನಡೆದೇ ನಡೆಯಿತು. ಕಾಸರಗೋಡು, ಮಂಜೇಶ್ವರದ ಕನ್ನಡಿಗರು ಹೊಸ ವಾರ್ಡುಗಳಲ್ಲಿ ನಿಂತು ಮತ ಹಾಕಿದರು. ಅದೇ ಭಾಷೆ ಆಡುವ ನಾವು ಗಡಿಯ ಈಚೆ ಕಾಯುತ್ತ ಕುಳಿತಿದ್ದೆವು.

ಊರು ಬೆಳೆದಿದೆ, ಹೊರವಲಯದ ಬಡಾವಣೆಗಳು ತುಂಬಿವೆ, ಹಳೆಯ ವಾರ್ಡುಗಳಲ್ಲಿ ಒಂದರಲ್ಲಿ ಜನ ಹೆಚ್ಚು, ಇನ್ನೊಂದರಲ್ಲಿ ಕಡಿಮೆ, ಹಾಗೆಯೇ ಚುನಾವಣೆ ಮಾಡಿದರೆ ಮತದ ಬೆಲೆ ಸಮನಾಗಿ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಆ ಹೆಚ್ಚುಕಡಿಮೆ ಎಷ್ಟೆಂದು ಅಳೆಯಲು ಗಣತಿ ಬೇಕು. 2021ರ ಗಣತಿ ನಡೆಯಲಿಲ್ಲ, ಮುಂದಿನದಕ್ಕೆ 2027ರ ಮಾರ್ಚ್ 1 ಆಧಾರ ದಿನವೆಂದು ಕೇಂದ್ರ ಪ್ರಕಟಿಸಿದೆ. ರಾಜ್ಯದ ನಗರಸಭೆ, ಪುರಸಭೆಗಳ ವಾರ್ಡುಗಳನ್ನು 2018-19ರ ಚುನಾವಣೆಗಳಿಗೆ ಮುನ್ನ 2011ರ ಲೆಕ್ಕದ ಮೇಲೆ ವಿಂಗಡಿಸಿ ಆಗಿದೆ. ಅದೇ ಲೆಕ್ಕ ಹಿಡಿದು ಮತ್ತೊಮ್ಮೆ ಗಡಿ ಬರೆದರೆ ಹೊಸ ಬಡಾವಣೆಯವರಿಗೆ ನ್ಯಾಯ ಸಿಗುವುದಿಲ್ಲ, ಏಕೆಂದರೆ ಅವರು ಆ ಲೆಕ್ಕದಲ್ಲೇ ಇಲ್ಲ. ಹೊಸ ಅಂಕಿ ಬರುವವರೆಗೆ ಇರುವ ವಾರ್ಡುಗಳಲ್ಲೇ ಚುನಾವಣೆ ನಡೆಸಬೇಕು. ಸುಪ್ರೀಂ ಕೋರ್ಟು ಹೇಳಿರುವುದೂ ಇದನ್ನೇ. ಅವಧಿ ಮುಗಿಯುವ ಮುನ್ನ ಚುನಾವಣೆ ಆಗಲೇಬೇಕೆಂದು 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ, ವಿಂಗಡಣೆ ಮುಗಿಯದಿದ್ದರೆ ಹಳೆಯ ಗಡಿಗಳ ಮೇಲೆಯೇ ನಡೆಸಿ ಎಂದು 2022ರ ಮೇ ತಿಂಗಳಲ್ಲಿ ಸುರೇಶ್ ಮಹಾಜನ್ ಪ್ರಕರಣದಲ್ಲಿ. ಆರಿಸಿಬಂದ ಸರ್ಕಾರದ ಅಧಿಕಾರವನ್ನು ಜನರಿಗೆ ಉತ್ತರ ಹೇಳಬೇಕಿಲ್ಲದ ಆಯೋಗಕ್ಕೆ ಕೊಡುವುದು ಪ್ರಜಾಪ್ರಭುತ್ವವೇ ಎಂದೂ ಕೆಲವರು ಕೇಳುತ್ತಾರೆ. ಎಷ್ಟು ಸದಸ್ಯರಿರಬೇಕು, ಯಾವ ಊರು ನಗರಸಭೆಯಾಗಬೇಕು ಎಂಬುದನ್ನು ಶಾಸನಸಭೆಯೇ ತೀರ್ಮಾನಿಸಲಿ, ಅದು ನೀತಿಯ ವಿಷಯ. ಗೆರೆ ಯಾವ ಬೀದಿಯಲ್ಲಿ ಹಾಯಬೇಕು ಎಂಬುದು ಹಾಗಲ್ಲ. ಆಯೋಗಕ್ಕೆ ಅಷ್ಟು ಸಿಬ್ಬಂದಿ, ಸ್ಥಳಜ್ಞಾನ ಇಲ್ಲ ಎಂಬ ಮಾತಿಗೆ 2021ರ ಆಯೋಗದ ಕೆಲಸವೇ ಉತ್ತರ.

ಸದಸ್ಯರಿಲ್ಲದ ನಗರಸಭೆಯನ್ನು ಆಡಳಿತಾಧಿಕಾರಿ ನಡೆಸುತ್ತಾರೆ. ಅವರು ಪ್ರಾಮಾಣಿಕರೂ ದಕ್ಷರೂ ಆಗಿರಬಹುದು. ಆದರೆ ಬೀದಿದೀಪ ಹೋದಾಗ, ಇ-ಖಾತೆ ತಿಂಗಳುಗಟ್ಟಲೆ ಸಿಗದಾಗ, ಕಸದ ಗಾಡಿ ಬಾರದಾಗ ಮನೆ ಬಾಗಿಲಿಗೆ ಹೋಗಿ ತರಾಟೆಗೆ ತೆಗೆದುಕೊಳ್ಳಬಹುದಾದ ವ್ಯಕ್ತಿ ವಾರ್ಡಿನಲ್ಲಿ ಇರುವುದಿಲ್ಲ. ಆದ್ದರಿಂದ ಶಾಸಕರನ್ನು ಈ ಎರಡು ವಿಷಯ ಕೇಳಬೇಕು: ವಾರ್ಡು ವಿಂಗಡಣೆಯ ಅಧಿಕಾರ ರಾಜ್ಯ ಚುನಾವಣಾ ಆಯೋಗಕ್ಕೆ ಹೋಗುವಂತೆ 1964ರ ಕಾಯ್ದೆಯನ್ನೂ ಪಾಲಿಕೆಗಳ ಕಾಯ್ದೆಯನ್ನೂ ತಿದ್ದುವಿರಾ? ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ವಿಂಗಡಣೆ ಮುಗಿಯದಿದ್ದರೆ ಹಳೆಯ ವಾರ್ಡುಗಳೇ ಮುಂದುವರಿಯಬೇಕೆಂದು ಅದೇ ಕಾಯ್ದೆಯಲ್ಲಿ ಬರೆಯುವಿರಾ? ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸವೊಂದಿದೆ. ಕರಡು ಅಧಿಸೂಚನೆ ನಿಮ್ಮ ನಗರಸಭೆಯ ಸೂಚನಾ ಫಲಕಕ್ಕೆ ಬಂದ ದಿನವೇ ಹೋಗಿ, ನಿಮ್ಮ ವಾರ್ಡಿನ ಚಕ್ಕುಬಂದಿ ಓದಿ. ನಿಮ್ಮ ಕೇರಿ ಒಡೆದಿದ್ದರೆ, ಯಾವ ಬೀದಿ ಎಲ್ಲಿಗೆ ಹೋಗಿದೆಯೆಂದು ಬರೆದು, ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.