ಅಲ್ಪಾದಾಯದವನಿಗೆ ಮನೆ ಕೊಡುವ ವಿಚಾರ

ಬಾಡಿಗೆಗೆ ಮನೆ ಕೇಳಿಕೊಂಡು ಬಂದವನ ನಡೆನುಡಿಗಳಲ್ಲಿ ದೋಷವೇನೂ ಕಾಣದೆ, ಅವನ ಹಣಕಾಸಿನ ಸ್ಥಿತಿಯೊಂದೇ ದುರ್ಬಲವಾಗಿರುವಾಗ, ಮನೆಯ ಯಜಮಾನನಾದವನು ಅವನನ್ನು ಒಪ್ಪಬೇಕೆ, ಬೇಡವೆ ಎಂಬುದು ಮೇಲ್ನೋಟಕ್ಕೆ ವ್ಯವಹಾರದ ಪ್ರಶ್ನೆಯಾದರೂ, ವಿವೇಚಿಸಿ ನೋಡಿದವರಿಗೆ ಧರ್ಮದ ಪ್ರಶ್ನೆಯೂ ಹೌದು.

ಯಜಮಾನನ ಅಳುಕನ್ನು ಲೋಭವೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಿವೃತ್ತಿಯ ಹಣವನ್ನೆಲ್ಲ ಸುರಿದು ಮಹಡಿಯ ಮೇಲೊಂದು ಮನೆ ಕಟ್ಟಿಸಿ, ಅದರ ಬಾಡಿಗೆಯಲ್ಲಿ ಔಷಧದ ಖರ್ಚನ್ನೂ ಬ್ಯಾಂಕಿನ ಕಂತನ್ನೂ ತೂಗಿಸುತ್ತಿರುವ ವೃದ್ಧ ದಂಪತಿಗಳು ಬೆಂಗಳೂರು, ಮೈಸೂರುಗಳಲ್ಲಿ ವಿರಳರಲ್ಲ. ಅಂಥವರಿಗೆ ಎರಡು ತಿಂಗಳ ಬಾಡಿಗೆ ನಿಂತರೂ ಸಂಕಟವೇ. ನ್ಯಾಯಾಲಯದ ಮೂಲಕ ಮನೆ ತೆರವು ಮಾಡಿಸುವುದೋ, ವರ್ಷಗಟ್ಟಲೆ ಎಳೆಯಬಹುದಾದ ಕಾರ್ಯ.

ಆದರೆ ಈ ಅಳುಕಿಗೆ ಪರಿಹಾರವೆಂದು ಬೆಂಗಳೂರು ಬಹುಕಾಲದಿಂದ ರೂಢಿಮಾಡಿಕೊಂಡಿರುವ ಹತ್ತು ತಿಂಗಳ ಮುಂಗಡವು, ಬಂದವನು ಹಿಂದೆ ಎಷ್ಟು ಕೂಡಿಟ್ಟಿದ್ದಾನೆಂಬುದನ್ನು ಅಳೆಯುತ್ತದೆಯೇ ಹೊರತು ಮುಂದೆ ತಿಂಗಳು ತಿಂಗಳೂ ಬಾಡಿಗೆ ಸಲ್ಲಿಸುವನೇ ಎಂಬುದನ್ನಲ್ಲ. 12,000 ರೂಪಾಯಿ ಬಾಡಿಗೆಯ ಮನೆಗೆ 1,20,000 ರೂಪಾಯಿ ಮುಂಗಡವೆಂದರೆ, ಇಲ್ಲದವನು ಕೈಸಾಲ ಮಾಡಿ ತರಬೇಕು. ತಂದಮೇಲೆ ಬಡ್ಡಿ ತೆರುತ್ತ ಬಾಡಿಗೆಗೆ ತಡವರಿಸಬೇಕು. ಭದ್ರತೆಗೆಂದು ಕೇಳಿದ ಹಣವೇ ಹೀಗೆ ಅಭದ್ರತೆಗೆ ಮೂಲವಾಗುತ್ತದೆ. ಕೇಂದ್ರ ಸರ್ಕಾರವು 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಗೊಳಿಸಿರುವುದು, ರಾಜ್ಯಗಳು ಅಂಗೀಕರಿಸಿದ ಹೊರತು ಬಂಧಕವಲ್ಲವಾದರೂ, ವಿವೇಕದ ಮಾತಾಗಿದೆ.

ಆರ್ಥಿಕ ದೌರ್ಬಲ್ಯವೆಂಬುದು ಒಂದೇ ಬಗೆಯದಲ್ಲ. ಆದಾಯವೇ ಸಾಲದವನು ಬೇರೆ, ಆದಾಯವಿದ್ದೂ ಸಾಲದಲ್ಲಿ ಮುಳುಗಿದವನು ಬೇರೆ, ಆದಾಯವು ಸಾಕಷ್ಟಿದ್ದೂ ಕ್ರಮವಾಗಿ ಬಾರದವನು ಬೇರೆ. ಮದುವೆ ಮನೆಗಳ ಅಡುಗೆ ಭಟ್ಟರನ್ನು ತೆಗೆದುಕೊಳ್ಳಿ. ವೈಶಾಖದಲ್ಲಿ ಅವರಿಗೆ ನಿದ್ರೆಗೂ ಬಿಡುವಿಲ್ಲ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮುಹೂರ್ತಗಳೇ ಇಲ್ಲ. ಸಂಬಳದ ಚೀಟಿ ಕೇಳಿದರೆ ತೋರಿಸಲು ಅವರಲ್ಲಿ ಏನೂ ಇರದು. ಆದರೆ ಜೇಬಿನ ದಿನಚರಿಯನ್ನು ತೆರೆಸಿ ನೋಡಿದರೆ, ಪ್ರತಿ ಮುಹೂರ್ತದ ಎದುರಿಗೂ ಛತ್ರದ ಹೆಸರು, ಎಲೆಗಳ ಲೆಕ್ಕ, ಹಿಡಿದ ಮುಂಗಡ ಇವನ್ನು ಬರೆದಿರುತ್ತಾರೆ. ಆ ಪುಟಗಳೂ, ಹಿಂದಿನ ಮನೆಯವರ ಮಾತೂ, ದಿನಸಿ ಅಂಗಡಿಯ ಬಾಕಿ ತೀರಿದ ಬಗೆಯೂ ಸಂಬಳದ ಚೀಟಿಗಿಂತ ಕಡಿಮೆಯ ಸಾಕ್ಷ್ಯವಲ್ಲ. ಆಷಾಢದ ಬಾಡಿಗೆಯನ್ನು ವೈಶಾಖದಲ್ಲಿಯೇ ಸಲ್ಲಿಸತಕ್ಕದ್ದೆಂದು ಕರಾರುಪತ್ರದಲ್ಲಿ ಬರೆಸಿಕೊಂಡರೆ ಇಬ್ಬರಿಗೂ ನಿಶ್ಚಿಂತೆ.

ಹಾಗೆಂದು ಕರುಣೆಯೊಂದರಿಂದಲೇ ಬೀಗದ ಕೈ ಕೊಡಬೇಕೆಂದು ನಾನು ಹೇಳುವುದಿಲ್ಲ. ದುಡಿಮೆಯ ಅರ್ಧಭಾಗವನ್ನು ಬಾಡಿಗೆಯೇ ನುಂಗುವಂತಿದ್ದರೆ, ಆ ಮನೆಯನ್ನು ಕೊಡುವುದು ಅವನನ್ನು ಸಾಲಕ್ಕೆ ದೂಡಿದಂತೆಯೇ ಸರಿ. ಆಗ ನಿರಾಕರಿಸುವುದೇ ಹಿತ. ಆದರೆ ನಿಜವಾದ ಕಾರಣವನ್ನು ಸೌಜನ್ಯದಿಂದ ತಿಳಿಸಿ ನಿರಾಕರಿಸಬೇಕು. ಜಾತಿಯನ್ನೋ ಆಹಾರಪದ್ಧತಿಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಹಣದ ನೆಪವನ್ನೊಡ್ಡುವುದು ಮಾತ್ರ ಯಾವ ಕಾಲಕ್ಕೂ ಸಲ್ಲದು. ಹತ್ತು ಮನೆಗಳುಳ್ಳವನು ಒಂದರಲ್ಲಿ ಸ್ವಲ್ಪ ಅಪಾಯವನ್ನು ತಾಳಬಲ್ಲನಾದ್ದರಿಂದ, ಒಂದೇ ಮನೆಯನ್ನು ನೆಚ್ಚಿದವನಿಗಿಂತ ಅವನ ಹೊಣೆ ಹೆಚ್ಚಿನದು.

ಮನೆಯ ಯಜಮಾನರಲ್ಲಿ ನನ್ನ ವಿನಂತಿ ಇಷ್ಟೆ: ಬಂದವನ ಕೂಡಿಟ್ಟ ಗಂಟನ್ನು ಅಳೆಯುವ ಮೊದಲು ಅವನ ದುಡಿಮೆಯನ್ನೂ ಮಾತನ್ನೂ ಪರೀಕ್ಷಿಸಿರಿ, ಅವೆರಡೂ ಗಟ್ಟಿಯಾಗಿ ಕಂಡಲ್ಲಿ, ಮುಂಗಡವನ್ನು ಇಳಿಸಿಯಾದರೂ ಮನೆ ಕೊಡಿರಿ.