ಪವರ್ ಇಳಿಸಿದ್ರೆ ಮಾನ ಹೋಗುತ್ತಾ?

ಮೊದಲೇ ಹೇಳಿಬಿಡ್ತೀನಿ, ಈ ಬರಹದಲ್ಲಿ ನಾನು ಯಾರಿಗೆ ಬೈತೀನೋ ಆ ಗುಂಪಿನಲ್ಲಿ ನಾನೂ ಇದ್ದೆ.

ಆನ್‌ಸೈಟ್ ಅಂತ ಇಂಗ್ಲೆಂಡಿಗೆ ಹೋಗಿದ್ದಾಗ ಭಾನುವಾರ ಕಳೆಯೋಕೆ ಏರ್‌ಸಾಫ್ಟ್ ಹುಚ್ಚು ಹತ್ತಿಸಿಕೊಂಡೆ. ಕಾಡಿನಲ್ಲಿ ಎರಡು ತಂಡ, ಕೈಯಲ್ಲಿ ಅಸಲಿ ಬಂದೂಕಿನ ಥರಾನೇ ಕಾಣೋ ಆಟದ ಬಂದೂಕು. ಅದರಿಂದ ಹಾರೋದು 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು. ಒಳಗೆ ಪುಟ್ಟ ಮೋಟಾರು ಸ್ಪ್ರಿಂಗನ್ನು ಹಿಂದಕ್ಕೆ ಎಳೆದು ಬಿಡುತ್ತೆ, ಪಿಸ್ಟನ್ ಮುಂದೆ ನುಗ್ಗುತ್ತೆ, ಒತ್ತಿಕೊಂಡ ಗಾಳಿ ಗುಂಡನ್ನು ತಳ್ಳುತ್ತೆ.

ಮಲೆನಾಡಿನವರಿಗೆ ಇದನ್ನ ವಿವರಿಸಬೇಕಾಗೇ ಇಲ್ಲ. ನಮ್ಮ ಪೆಟ್ಲು ಕೂಡ ಇದೇ. ವಾಟೆ ಕೊಳವೆಯ ಆ ಕಡೆ ಒಂದು ಹಸಿ ಕಾಯಿ, ಈ ಕಡೆ ಇನ್ನೊಂದು, ನಡುವೆ ಗಾಳಿ. ಕೋಲಿನಿಂದ ತಳ್ಳಿದ್ರೆ ಪಟ್! ನಮ್ಮಜ್ಜ ದೊಡ್ಡ ಹುಡುಗರಿಗೆ ಉದ್ದದ ಪೆಟ್ಲು, ಚಿಕ್ಕವರ ಜೊತೆ ಆಡುವಾಗ ಎಲ್ಲರಿಗೂ ಗಿಡ್ಡದ್ದು ಮಾಡಿಕೊಡ್ತಿದ್ದರು. ಗಿಡ್ಡ ಕೊಳವೆಯಲ್ಲಿ ಗಾಳಿ ಕಡಿಮೆ, ಪೆಟ್ಟೂ ಕಡಿಮೆ. ಅಜ್ಜ ಬಿಇ ಓದಿರಲಿಲ್ಲ.

ಓದಿದ್ದು ನಾನು, ಅದೂ ಮೆಕ್ಯಾನಿಕಲ್. ಮಾಡೋದು ಜಾವಾ ಕೋಡಿಂಗ್, ಅದು ಬೇರೆ ಮಾತು.

ಬ್ರಿಟನ್ನಿನಲ್ಲಿ 2017ರ ಕಾಯ್ದೆ ಏರ್‌ಸಾಫ್ಟ್‌ಗೆ ಗೆರೆ ಎಳೆದಿದೆ. ಒಂದೇ ಸಮ ಗುಂಡು ಹಾರಿಸೋ ಬಂದೂಕಾದ್ರೆ 1.3 ಜೂಲ್, ಒಂದೊಂದೇ ಹಾರಿಸೋದಾದ್ರೆ 2.5 ಜೂಲ್. ಅದಕ್ಕಿಂತ ಮೇಲೆ ಹೋದ್ರೆ ಆಟದ ಸಾಮಾನು ಅನ್ನೋ ರಿಯಾಯಿತಿ ಇಲ್ಲ. ಜಪಾನಿನಲ್ಲಂತೂ ಮಿತಿ 0.98 ಜೂಲ್. ನಮ್ಮ ಮೈದಾನದ ನಿಯಮ 0.2 ಗ್ರಾಂ ಗುಂಡಿಗೆ ಸೆಕೆಂಡಿಗೆ 350 ಅಡಿ. ಲೆಕ್ಕ ಹಾಕಿದ್ರೆ ಸುಮಾರು 1.14 ಜೂಲ್. ನನ್ನ ಸೆಕೆಂಡ್ ಹ್ಯಾಂಡ್ ಬಂದೂಕಿನಲ್ಲಿದ್ದ ಎಂ120 ಸ್ಪ್ರಿಂಗ್ ಕೊಡ್ತಿದ್ದದ್ದು 400 ಅಡಿ. ಐವತ್ತು ಅಡಿ ತಾನೇ ಅನ್ಬೇಡಿ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗ ಶೇ. 14 ಹೆಚ್ಚಾದ್ರೆ ಪೆಟ್ಟು ಶೇ. 30 ಹೆಚ್ಚು. ಅಂದ್ರೆ ಹತ್ತಿರ ಹತ್ತಿರ 1.5 ಜೂಲ್.

ಇಳಿಸೋದು ಕಷ್ಟವೂ ಅಲ್ಲ. ಎಂ100 ಸ್ಪ್ರಿಂಗ್ ತಂದು ಹಾಕಿದ್ರೆ ಆಯ್ತು. ಎಷ್ಟೋ ಬಂದೂಕುಗಳಲ್ಲಿ ಗೇರ್‌ಬಾಕ್ಸ್ ಬಿಚ್ಚದೆ ಹಿಂದಿನಿಂದಲೇ ಬದಲಾಯಿಸಬಹುದು, ಐದು ನಿಮಿಷದ ಕೆಲಸ. ಕೆಲವರು ಕಟಿಂಗ್ ಪ್ಲೇಯರ್ ಹಿಡಿದು ಹಳೇ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸ್ತಾರೆ. ಸ್ವಾಮಿ, ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತೆ, ಮೆತ್ತಗಾಗಲ್ಲ. ಪವರ್ ಇಳಿಯೋದು ಅದರ ಉದ್ದ ಕಮ್ಮಿಯಾಗಿ ಮೊದಲಿನ ಬಿಗಿ ಹೋಗೋದ್ರಿಂದ. ಮೇಲಾಗಿ ಕತ್ತರಿಸಿದ ತುದಿ ಸಮತಟ್ಟಾಗಿ ಕೂರದೆ ಪಿಸ್ಟನ್ನನ್ನು ಓರೆಯಾಗಿ ತಳ್ಳುತ್ತೆ. ಕತ್ತರಿಸಿದ್ದನ್ನ ವಾಪಸ್ ಅಂಟಿಸೋಕೂ ಆಗಲ್ಲ.

ಆದ್ರೆ ನಮ್ಮ ಹುಡುಗರ ತಕರಾರು ಇದ್ಯಾವುದೂ ಅಲ್ಲ. ಪವರ್ ಇಳಿಸೋದೇ ಅವರಿಗೆ ಅವಮಾನ. ‘ಬೆಳಿಗ್ಗೆ ಅಳೆಯುವಾಗ ಎಂ100 ಹಾಕು, ಊಟ ಆದ್ಮೇಲೆ ಎಂ120 ಹಾಕು. ಯಾವನು ನೋಡ್ತಾನೆ ಮಗಾ?’ ಇದು ನಮ್ಮ ಟೀಮಿನ ಹಾಸನದ ಹುಡುಗನ ಸಲಹೆ. ನಾನು ಕೇಳಿದೆ. ಕೇಳಿದೆ ಅಂದ್ರೆ, ಹಾಗೇ ಮಾಡಿದೆ.

ಅವತ್ತು ಮಧ್ಯಾಹ್ನ ಮರದ ಹಿಂದಿನಿಂದ ಒಬ್ಬ ಕಾಲೇಜು ಹುಡುಗ ಎದುರಾದ. ಎರಡು ಮಾರು ದೂರ. ಗಾಬರಿಯಲ್ಲಿ ಟ್ರಿಗರ್ ಒತ್ತಿದೆ. ಕಣ್ಣಿಗೆ ಕನ್ನಡಕ ಇತ್ತು, ಬಾಯಿಗೆ ಏನೂ ಇರಲಿಲ್ಲ. ಮುಂದಿನ ಹಲ್ಲು ಅರ್ಧ ಮುರೀತು. ಈ ಆಟದಲ್ಲಿ ಅಂಪೈರ್ ಬೆರಳೆತ್ತಲ್ಲ, ಗುಂಡು ತಾಗಿದವನೇ ಕೈಯೆತ್ತಿ ಒಪ್ಪಿಕೊಳ್ಳಬೇಕು. ಆ ಹುಡುಗ ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈ ಎತ್ತಿದ. ರಕ್ತ ಸುರೀತಿದ್ರೂ ನಿಯಮ ಪಾಲಿಸಿದ. ನಾನು ಊಟದ ಹೊತ್ತಿಗೇ ನಿಯಮ ಮುರಿದು ಬಂದಿದ್ದೆ.

350 ಅಡಿ ಇದ್ದಿದ್ರೂ ಹಲ್ಲು ಮುರೀತಿತ್ತು ಅಂತ ಗೆಳೆಯ ಸಮಾಧಾನ ಮಾಡಿದ. ಇರಬಹುದು. ಆಗ ಅದನ್ನ ಅಪಘಾತ ಅನ್ನಬಹುದಿತ್ತು. ಈಗ ಆ ಪದ ನನ್ನ ಬಾಯಲ್ಲಿ ಬರಲ್ಲ. ಮೈದಾನದವರ ಮುಂದೆ ಸ್ಪ್ರಿಂಗ್ ವಿಷಯ ಒಪ್ಪಿಕೊಂಡೆ, ಹಲ್ಲಿನ ಖರ್ಚು ಕೊಟ್ಟೆ. ಆ ಮೈದಾನಕ್ಕೆ ಮತ್ತೆ ಬರಬೇಡ ಅಂದರು. ಸರಿಯಾಗೇ ಅಂದರು.

‘ಪವರ್ ಇಳಿಸಿದ್ರೆ ದೂರ ಹೋಗಲ್ಲ’ ಅನ್ನೋ ವಾದ ಒಂದಿದೆ. ಅದೂ ಪೊಳ್ಳು. ಗುಂಡು ದೂರ ಹೋಗೋದ್ರಲ್ಲಿ ದೊಡ್ಡ ಪಾಲು ಹಾಪ್-ಅಪ್‌ನದ್ದು. ನಳಿಕೆಯೊಳಗಿನ ಪುಟ್ಟ ರಬ್ಬರ್ ಗುಂಡನ್ನು ಹಿಮ್ಮುಖವಾಗಿ ತಿರುಗಿಸುತ್ತೆ, ಆ ತಿರುಗು ಗುಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತೆ. ಅದನ್ನ ಹದ ಮಾಡಿ, ಗುಂಡಿನ ತೂಕ ಸರಿಯಾಗಿ ಆರಿಸಿದವನು 350 ಅಡಿಯಲ್ಲೇ 400ರವನನ್ನ ಹೊಡೀತಾನೆ. ಹದ ಮಾಡೋಕೆ ತಾಳ್ಮೆ ಬೇಕು. ಸ್ಪ್ರಿಂಗ್ ಬಿಗಿ ಮಾಡೋಕೆ ದುಡ್ಡು ಸಾಕು.

ಈ ರೋಗ ಅಲ್ಲಿ ಹುಟ್ಟಿದ್ದಲ್ಲ, ನಾವು ಇಲ್ಲಿಂದಲೇ ಲಗೇಜಿನಲ್ಲಿ ತಗೊಂಡು ಹೋಗಿದ್ದು. ಬೈಕಿನ ಸೈಲೆನ್ಸರ್ ಕಿತ್ತು ಬೀದಿ ನಡುಗಿಸೋನು ಪೊಲೀಸರು ಹಿಡಿಯೋ ದಿನ ಮಾತ್ರ ಹಳೇದನ್ನ ಹಾಕ್ತಾನೆ. ಹೈ ಬೀಮ್ ಹಾಕಿ ಎದುರಿನವನ ಕಣ್ಣು ಕುಕ್ಕೋನು ನಾಕಾಬಂದಿ ಕಂಡ್ರೆ ಇಳಿಸ್ತಾನೆ. ಅಳೆಯುವಾಗ ಒಂದು ಸ್ಪ್ರಿಂಗ್, ಆಡುವಾಗ ಇನ್ನೊಂದು. ಆಫೀಸಿನಲ್ಲಿ ಸರ್ವರ್‌ಗೆ ಲಿಮಿಟ್ ಹಾಕದೆ ಕೋಡ್ ಬಿಟ್ಟವನಿಗೆ ಎಲ್ಲರೂ ಸೇರಿ ಬೈತೀವಿ. ನಮ್ಮ ಮೇಲೆ ಲಿಮಿಟ್ ಬಂದ ತಕ್ಷಣ ಮಾತ್ರ ಗಂಡಸ್ತನ ನೆನಪಾಗುತ್ತೆ.

ಗಿಡ್ಡ ಪೆಟ್ಲು ಕೊಟ್ಟಾಗ ನಾನೂ ಮುಖ ಊದಿಸಿಕೊಂಡವನೇ. ‘ಎದುರಿಗಿರೋನು ನಿನ್ನ ತಮ್ಮ ಕಣೋ’ ಅಂದಿದ್ದರು ಅಜ್ಜ. ಇದಕ್ಕಿಂತ ಹೆಚ್ಚಿನ ಕಾಯ್ದೆ ನನಗೆ ಬೇಕಾಗಿರಲಿಲ್ಲ, ಆದ್ರೂ ಮರೆತೆ.

ಮುಂದಿನ ಭಾನುವಾರ ನಿಮ್ಮ ಬ್ಯಾಗಿನಲ್ಲಿ ಎರಡು ಸ್ಪ್ರಿಂಗ್ ಇದ್ರೆ ಒಂದನ್ನ ಮನೇಲೇ ಬಿಟ್ಟು ಬನ್ನಿ. ಯಾವುದನ್ನ ಅಂತ ನಿಮಗೇ ಗೊತ್ತು.