ಚಪ್ಪರ ಯಾರದು?

2025ರ ಆಗಸ್ಟ್‌ನಲ್ಲಿ ಅಮೆರಿಕದ ಕಪ್ಪು ಜನರ ಟಿವಿ ವಾಹಿನಿ ಬಿಇಟಿಯ ಆಗಿನ ಮುಖ್ಯಸ್ಥ ಸ್ಕಾಟ್ ಮಿಲ್ಸ್ ಸಂದರ್ಶನವೊಂದರಲ್ಲಿ, ಸೋಲ್ ಟ್ರೇನ್ ಪ್ರಶಸ್ತಿ ಮತ್ತು ಬಿಇಟಿ ಹಿಪ್-ಹಾಪ್ ಪ್ರಶಸ್ತಿ ಎರಡನ್ನೂ ನಿಲ್ಲಿಸಲಾಗಿದೆ ಎಂದರು. ಕಾಯಂ ಅಲ್ಲವಂತೆ, ಸದ್ಯಕ್ಕೆ. ಟಿವಿ ನೋಡುವ ಕಾಲ ಬದಲಾಗಿದೆ, ಹೊಸದಾಗಿ ಯೋಚಿಸಬೇಕು ಎಂಬ ಸಮಜಾಯಿಷಿಯೂ ಜೊತೆಗಿತ್ತು. ಅದೇ ತಿಂಗಳು ಬಿಇಟಿಯ ಒಡೆಯ ಕಂಪನಿ ಪ್ಯಾರಮೌಂಟ್, ಸ್ಕೈಡ್ಯಾನ್ಸ್ ಎಂಬ ಕಂಪನಿಯ ಕೈ ಸೇರಿತು. ಒಂದರಿಂದಲೇ ಇನ್ನೊಂದು ಆಯಿತು ಎಂದು ನಾವು ಹೇಳುತ್ತಿಲ್ಲ. ಕಪ್ಪು ಅಮೆರಿಕನ್ನರ ಹಾಡಿಗೆ ಬೆನ್ನು ತಟ್ಟುವ ಹಬ್ಬ ನಡೆಯಬೇಕೋ ಬೇಡವೋ ಎಂಬುದು ಈಗ ಯಾರ ಕಡತದಲ್ಲಿ ತೀರ್ಮಾನವಾಗುತ್ತದೆ ಎಂಬುದಷ್ಟೇ ನಮ್ಮ ತಕರಾರು.

ಸೋಲ್ ಟ್ರೇನ್ ಎಂಬ ಹಾಡು ಕುಣಿತದ ಟಿವಿ ಕಾರ್ಯಕ್ರಮ ಹುಟ್ಟಿದ್ದು 1970ರಲ್ಲಿ, ಶಿಕಾಗೊದಲ್ಲಿ. ರೇಡಿಯೊದಲ್ಲಿ ವಾರ್ತೆ ಓದುತ್ತಿದ್ದ ಡಾನ್ ಕಾರ್ನೀಲಿಯಸ್ ಅಲ್ಲಿನ ಟಿವಿ ಕೇಂದ್ರವೊಂದರಲ್ಲಿ ಕಪ್ಪು ಹುಡುಗ ಹುಡುಗಿಯರನ್ನು ಸೇರಿಸಿ ಕುಣಿಸಿದರು. ಮರುವರ್ಷವೇ ಅದು ಬೇರೆ ನಗರಗಳಿಗೂ ಹಬ್ಬಿತು. ದುಡ್ಡು ಹಾಕಿದವರು ಜಾನ್ಸನ್ ಪ್ರಾಡಕ್ಟ್ಸ್: ಕಪ್ಪು ಜನರ ತಲೆಗೂದಲಿಗೆ ಹೊಂದುವ ಕ್ರೀಮು, ಎಣ್ಣೆ ತಯಾರಿಸುತ್ತಿದ್ದ, ಕಪ್ಪು ಮಾಲೀಕರದೇ ಆದ ಕಂಪನಿ. ಹಾಡಿದವರು, ಕುಣಿದವರು, ಜಾಹೀರಾತು ಕೊಟ್ಟವರು, ಆ ಜಾಹೀರಾತಿನಲ್ಲಿ ಕನ್ನಡಿ ಮುಂದೆ ನಿಂತು ಕೂದಲು ತಿದ್ದಿಕೊಂಡವರು, ಎಲ್ಲರೂ ಒಂದೇ ಕೇರಿಯವರ ಹಾಗೆ. 1973ರಲ್ಲಿ ಬಿಳಿಯ ಟಿವಿ ನಿರೂಪಕ ಡಿಕ್ ಕ್ಲಾರ್ಕ್ ಪೈಪೋಟಿಗೆಂದು ಸೋಲ್ ಅನ್‌ಲಿಮಿಟೆಡ್ ಎಂಬ ಕಾರ್ಯಕ್ರಮ ಹೂಡಿದಾಗ ನಾಗರಿಕ ಹಕ್ಕುಗಳ ಹೋರಾಟಗಾರ ಜೆಸ್ಸಿ ಜ್ಯಾಕ್ಸನ್‌ರಂಥವರೇ ತಿರುಗಿಬಿದ್ದರು. ಅದು ಬೇಗನೆ ಗಂಟು ಕಟ್ಟಿತು. ಕುಣಿತ ಯಾರದಾದರೇನು ಎಂಬ ಮಾತು ಆಗ ಯಾರ ಮುಂದೆಯೂ ನಡೆಯುತ್ತಿರಲಿಲ್ಲ.

ಪ್ರಶಸ್ತಿ ಬಂದದ್ದು ಆಮೇಲೆ, 1987ರಲ್ಲಿ. ಬೇರೆ ಪಂಕ್ತಿ ಯಾಕೆ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಮೊದಲ ಪಂಕ್ತಿಯಲ್ಲಿ ಎಲೆ ಹಾಕಿದ್ದರೆ ತಾನೆ? 1983ರಲ್ಲಿ ಗಾಯಕ ಡೇವಿಡ್ ಬೋವಿ, ಎಂಟಿವಿಯ ಕ್ಯಾಮೆರಾ ಮುಂದೆಯೇ ಕೂತು, ನಿಮ್ಮಲ್ಲಿ ಕಪ್ಪು ಕಲಾವಿದರು ಯಾಕೆ ಕಾಣುವುದಿಲ್ಲ ಎಂದು ಆ ವಾಹಿನಿಯ ನಿರೂಪಕನನ್ನೇ ಕೇಳಬೇಕಾಯಿತು. 1989ರಲ್ಲಿ ಗ್ರ್ಯಾಮಿ ಕೊನೆಗೂ ರ‍್ಯಾಪ್‌ಗೊಂದು ಬಹುಮಾನ ಇಟ್ಟಿತು. ಆದರೆ ಅದನ್ನು ಕೊಡುವುದನ್ನು ಟಿವಿಯಲ್ಲಿ ತೋರಿಸಲಿಲ್ಲ. ಗೆದ್ದವರಲ್ಲೊಬ್ಬ ಆಗಿನ್ನೂ ಎಳೆಯ ವಿಲ್ ಸ್ಮಿತ್. ಅವರು ಸಮಾರಂಭಕ್ಕೇ ಹೋಗಲಿಲ್ಲ.

ಹಾಗೆಂದು ಮನೆಯ ಪಂಕ್ತಿಯಲ್ಲಿ ಎಲ್ಲವೂ ಸಿಹಿಯಾಗಿರಲಿಲ್ಲ. ಅದೇ 1989ರ ಸೋಲ್ ಟ್ರೇನ್ ಪ್ರಶಸ್ತಿಯಲ್ಲಿ ವಿಟ್ನಿ ಹ್ಯೂಸ್ಟನ್ ಹೆಸರು ಕರೆದಾಗ ಸಭಿಕರಲ್ಲಿ ಒಂದಷ್ಟು ಜನ ಕೂಗಿ ಹೀಯಾಳಿಸಿದರು. ಏಳು ಹಾಡು ಸಾಲಾಗಿ ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿದ್ದ ಗಾಯಕಿ ಆಕೆ. ಬಿಳಿಯರಿಗೆ ಹಿತವಾಗುವ ಹಾಗೆ ಹಾಡುತ್ತಾಳೆ ಎಂಬುದು ದೂರು. (ಮುಂದೆ ಗಂಡನಾದ ಬಾಬಿ ಬ್ರೌನ್ ಪರಿಚಯವಾದದ್ದೂ ಅದೇ ರಾತ್ರಿ, ಹೆಚ್ಚು ನೋಯಿಸಿದ್ದು ಯಾವುದೆಂದು ಹೇಳುವುದು ಕಷ್ಟ.) ಆ ಕೂಗು ಕ್ರೂರವಾಗಿತ್ತು, ಅನ್ಯಾಯದ್ದೂ ಆಗಿತ್ತು. ಆದರೂ ಅದು ಮನೆಯವರ ಜಗಳ. ಯಾರು ನಮ್ಮವರು ಎಂದು ತಮ್ಮತಮ್ಮಲ್ಲೇ ಗುದ್ದಾಡುವ ಸ್ವಾತಂತ್ರ್ಯವೂ ಸ್ವಂತ ಅಂಗಳವಿದ್ದವರಿಗೆ ಮಾತ್ರ. ಹನ್ನೆರಡು ವರ್ಷದ ನಂತರ, 2001ರ ಜೂನ್‌ನಲ್ಲಿ, ಲಾಸ್ ವೇಗಸ್‌ನಲ್ಲಿ ನಡೆದ ಮೊತ್ತಮೊದಲ ಬಿಇಟಿ ಪ್ರಶಸ್ತಿ ಸಮಾರಂಭ ಜೀವಮಾನ ಸಾಧನೆಯ ಗೌರವ ಕೊಟ್ಟದ್ದು ಅದೇ ವಿಟ್ನಿಗೆ.

ಆದರೆ ಅಷ್ಟರಲ್ಲಿ ಅಂಗಳವೇ ಕೈ ಬದಲಾಗಿತ್ತು. ರಾಬರ್ಟ್ ಜಾನ್ಸನ್ 1980ರಲ್ಲಿ ಶುಕ್ರವಾರ ರಾತ್ರಿಯ ಎರಡು ಗಂಟೆ ಪ್ರಸಾರದಿಂದ ಆರಂಭಿಸಿದ ಬಿಇಟಿಯನ್ನು ವಯಕಾಮ್ (ಮುಂದೆ ಪ್ಯಾರಮೌಂಟ್ ಆದ ಕಂಪನಿ) ಸುಮಾರು 300 ಕೋಟಿ ಡಾಲರ್‌ಗೆ ಕೊಳ್ಳುವ ಒಪ್ಪಂದ 2000ದ ಕೊನೆಗೇ ಆಗಿತ್ತು. ಮನೆ ಮಾರಿ, ಆಮೇಲೆ ಅದರಲ್ಲೇ ಗೃಹಪ್ರವೇಶದ ಊಟ ಹಾಕಿಸಿದ ಹಾಗೆ. ಜಾನ್ಸನ್ ಮಾರಿದ್ದನ್ನು ತಪ್ಪೆನ್ನಲು ನಮಗೆ ನಾಲಿಗೆ ಬಾರದು. ಆತ ವ್ಯಾಪಾರಿ, ಕೇಬಲ್ ದೊರೆ ಜಾನ್ ಮಲೋನ್ ಕೊಟ್ಟ 5 ಲಕ್ಷ ಡಾಲರ್ ಇಲ್ಲದಿದ್ದರೆ ವಾಹಿನಿ ಶುರುವಾಗುತ್ತಲೇ ಇರಲಿಲ್ಲ. ಮಾರಾಟಕ್ಕೆ ಮೊದಲಿನ ಬಿಇಟಿ ಪುಣ್ಯಕ್ಷೇತ್ರವೂ ಅಲ್ಲ. ಅದರ ವಿಡಿಯೊಗಳಲ್ಲಿ ಹೆಣ್ಣುಮಕ್ಕಳನ್ನು ತೋರಿಸುವ ಬಗೆಗೆ ನಾಚಿಕೆಯಾಗುತ್ತದೆ ಎಂದು ಮುಂದೆ ಹೇಳಿದವರು ಸಹಸಂಸ್ಥಾಪಕಿ ಶೀಲಾ ಜಾನ್ಸನ್ ಅವರೇ.

ಬಾಡಿಗೆ ಚಪ್ಪರದಲ್ಲೂ ಒಳ್ಳೆಯ ಹಬ್ಬ ನಡೆಯುತ್ತದೆ, ನಡೆದಿದೆ. 2009ರ ಜೂನ್ 25ರಂದು ಮೈಕಲ್ ಜ್ಯಾಕ್ಸನ್ ತೀರಿಕೊಂಡರು. ಬಿಇಟಿ ಪ್ರಶಸ್ತಿ ಸಮಾರಂಭ ಇದ್ದದ್ದು 28ಕ್ಕೆ. ಮೂರೇ ದಿನದಲ್ಲಿ ಇಡೀ ಕಾರ್ಯಕ್ರಮವನ್ನು ಬಿಚ್ಚಿ ಹೊಸದಾಗಿ ಹೊಲಿದರು, ತಂಗಿ ಜ್ಯಾನೆಟ್ ವೇದಿಕೆಗೆ ಬಂದು ಮಾತನಾಡಿದರು. ಜಗತ್ತಿನ ವಾಹಿನಿಗಳೆಲ್ಲ ವೈದ್ಯರ ವರದಿ ಹಿಡಿದು ಓಡುತ್ತಿದ್ದಾಗ ಸೂತಕವನ್ನು ಸೂತಕದಂತೆ ಆಚರಿಸಿದ ಜಾಗ ಅದು. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಬೀದಿಗಳಲ್ಲಿ ವಲಸಿಗರ ಬಂಧನದ ವಿರುದ್ಧ ಪ್ರತಿಭಟನೆ ನಡೆಯುತ್ತಿದ್ದಾಗ, ಅದೇ ವೇದಿಕೆಯಲ್ಲಿ ಬಹುಮಾನ ಕೈಯಲ್ಲಿ ಹಿಡಿದ ರ‍್ಯಾಪ್ ಗಾಯಕಿ ಡೋಚಿ ಅಧ್ಯಕ್ಷರನ್ನೇ ಹೆಸರಿಸಿ ಖಂಡಿಸಿದರು. ಮುಖ್ಯ ಬಿಇಟಿ ಪ್ರಶಸ್ತಿ ಇನ್ನೂ ಜೀವದಿಂದಿದ್ದುದರಿಂದ ಆ ಮಾತು ಹೊರಬಿತ್ತು. ಎರಡು ತಿಂಗಳಲ್ಲಿ ಅದರ ಸೋದರ ಸಮಾರಂಭಗಳು ನಿಂತ ಸುದ್ದಿ ಬಂತು.

2023ರಲ್ಲಿ ಪ್ಯಾರಮೌಂಟ್ ಬಿಇಟಿಯ ಹೆಚ್ಚಿನ ಪಾಲನ್ನು ಮಾರಲು ಹೊರಟಿತ್ತು. ಟೈಲರ್ ಪೆರಿ, ಬೈರನ್ ಆಲನ್ ಮೊದಲಾದ ಕಪ್ಪು ಉದ್ಯಮಿಗಳು ಕೊಳ್ಳಲು ಮುಂದೆ ಬಂದಿದ್ದರು. ಮಾರಾಟದಿಂದ ತನಗೆ ಹೇಳಿಕೊಳ್ಳುವ ಲಾಭವಿಲ್ಲ ಎಂದು ಕಂಪನಿ ಅದೇ ವರ್ಷದ ಆಗಸ್ಟ್‌ನಲ್ಲಿ ಅದನ್ನು ಕೈಬಿಟ್ಟಿತು. ಇಟ್ಟುಕೊಳ್ಳಲು ಬೇಕಾದಷ್ಟು ಬೆಲೆಯಿತ್ತು. ಸೋಲ್ ಟ್ರೇನ್ ಹೆಸರಿನಲ್ಲಿ ವರ್ಷಕ್ಕೊಂದು ಸಂಜೆ ನಡೆಸುವಷ್ಟು ಇರಲಿಲ್ಲವೆಂದು ಕಾಣುತ್ತದೆ.

ಕಾರ್ನೀಲಿಯಸ್ 2008ರಲ್ಲಿ ಸೋಲ್ ಟ್ರೇನನ್ನು ಮಾರಿ, 2012ರಲ್ಲಿ ತೀರಿಕೊಂಡರು. 2016ರಲ್ಲಿ ಅದನ್ನು ಬಿಇಟಿ ಕೊಂಡಿತು. 1,100ಕ್ಕೂ ಹೆಚ್ಚು ಕಂತುಗಳು, ಹೆಸರಿನ ಹಕ್ಕು, ಪ್ರಶಸ್ತಿ, ಎಲ್ಲ ಆ ವ್ಯವಹಾರದಲ್ಲಿ ಸೇರಿಹೋದವು. ಶಿಕಾಗೊದಲ್ಲಿ ನಾಳೆ ಯಾರಾದರೂ ಆ ಹೆಸರಿನಲ್ಲಿ ಒಂದು ಸಣ್ಣ ಬಹುಮಾನ ಸಮಾರಂಭ ಇಟ್ಟುಕೊಳ್ಳೋಣವೆಂದರೂ ಮೊದಲು ಪ್ಯಾರಮೌಂಟ್‌ನ ವಕೀಲರಿಗೆ ಪತ್ರ ಬರೆಯಬೇಕು.